ಸವಾರನಿಗೆ ಊಟ

ಹದಿನಾರನೆಯ ಶತಮಾನದ ಹಂಗೇರಿ. ಆ ಗಡಿಹಳ್ಳಿಯನ್ನು ತುರ್ಕಿಯ ಪಾಷಾನೂ ವಿಯೆನ್ನಾದ ಚಕ್ರವರ್ತಿಯೂ ತಮ್ಮದೆನ್ನುತ್ತಿದ್ದರು. ಒಂದು ಮಧ್ಯಾಹ್ನ ಬಾವುಟವಿಲ್ಲದ ಸವಾರನೊಬ್ಬ ಬಂದು ಊರ ಯಜಮಾನನನ್ನು ಕೇಳಿದ:

“ನೀವು ಯಾರ ಪ್ರಜೆಗಳು? ತಪ್ಪು ಹೇಳಿದರೆ ಊರು ಸುಡ್ತೀವಿ.”

“ಮೊದಲು ಊಟ ಮಾಡಿ, ಸ್ವಾಮಿ.”

ಯಜಮಾನ ಬೇಕೆಂದೇ ಹುರಿದ ಹಂದಿಮಾಂಸ ತಂದಿಟ್ಟ. ತುರ್ಕರು ಅದನ್ನು ಮುಟ್ಟುವುದಿಲ್ಲ. ಸವಾರ ತಟ್ಟೆ ಬರಿದು ಮಾಡಿದ.

ಯಜಮಾನನಿಗೆ ಜೀವ ಬಂತು. “ನಾವು ಅಪ್ಪಟ ಚಕ್ರವರ್ತಿಯ ಪ್ರಜೆಗಳು. ಪಾಷಾನ ಹೆಸರೆತ್ತಿದರೆ ನಮ್ಮೂರ ನಾಯಿಗಳೂ ಬೊಗಳುತ್ತವೆ.”

ಸವಾರ ಮೀಸೆ ಒರೆಸಿಕೊಂಡ.

“ನಾನು ಪಾಷಾನ ಸಿಪಾಯಿ, ಯಜಮಾನ. ಅವನ ಕೋಟೆಯಲ್ಲಿ ನನ್ನಂಥ ಕ್ರೈಸ್ತರೂ ಬೇಕಾದಷ್ಟಿದ್ದೀವಿ, ಹಂದಿಮಾಂಸ ಮಾತ್ರ ಬೇಯೋದಿಲ್ಲ. ಇನ್ನೊಂದು ತಟ್ಟೆ ತಾ. ಅಗಿಯುವಾಗ ನನಗೆ ಏನೂ ಕೇಳಿಸೋದಿಲ್ಲ.”