ಮಿಷನ್ನಿನ ಸದ್ದು

ತಿಂಗಳು ತುಂಬದೆ ಹುಟ್ಟಿದ ಮಗು ಗಾಜಿನ ಪೆಟ್ಟಿಗೆಯಿಂದ ಮೊದಲ ಸಲ ಆಚೆ ಬಂದು, ಹೊಲಿಗೆ ಕೆಲಸದ ತಾಯಿಯ ಎದೆಯ ಮೇಲೆ ಒಂದೇ ಸಮನೆ ಅಳುತ್ತಿತ್ತು.

"ಮಾತಾಡಿಸಮ್ಮ, ನಿನ್ನ ದನಿ ಗುರುತು ಸಿಗುತ್ತೆ," ಅಂದಳು ನರ್ಸ್.

"ಮನೇಲೂ ಒಬ್ಬಳೇ, ಅಂಗಡೀಲೂ ಒಬ್ಬಳೇ ಸಿಸ್ಟರ್. ನಾನು ಯಾರ ಹತ್ರ ಮಾತಾಡಿದ್ದೆ, ಇದು ಕೇಳಿಸಿಕೊಳ್ಳೋಕೆ?" ಆದರೂ "ಪುಟ್ಟೀ" ಅಂದಳು. ಅಳು ಜೋರಾಯಿತು.

ಏನೂ ತೋಚದೆ ಕುಳಿತವಳ ಕಾಲು, ಅದರ ಪಾಡಿಗೆ ಅದು, ನೆಲ ತುಳಿಯತೊಡಗಿತು. ತುಟಿಯೂ ಜೊತೆಗೂಡಿತು: ಟಕಟಕಟಕ. ಬಸುರಿನಲ್ಲಿ ದಿನವಿಡೀ ಕೇಳಿದ್ದ ಹೊಲಿಗೆ ಮಿಷನ್ನಿನ ಸದ್ದಿಗೆ ಮಗು ಗಪ್‌ಚಿಪ್ಪಾಯಿತು.

"ಅಬ್ಬಾ! ಮನೆಗೆ ಹೋದ್ಮೇಲೆ ಮಿಷನ್ ಪಕ್ಕಾನೇ ಮಲಗಿಸಿಬಿಡು," ನರ್ಸ್ ನಕ್ಕಳು.

ಆ ಮಿಷನ್ ಮಾರಿಯೇ ಅವಳು ಗಾಜಿನ ಪೆಟ್ಟಿಗೆಯ ಬಿಲ್ ಕಟ್ಟಿದ್ದಳು. ಕಾಲು ನಿಲ್ಲಿಸಲು ಧೈರ್ಯ ಸಾಲದೆ, ಬರಿನೆಲವನ್ನು ತುಳಿಯುತ್ತಲೇ ಇದ್ದಳು.