ಹನ್ನೊಂದನೇ ನಿಮಿಷ

ಮೆಡಿಕಲ್ ಕಾಲೇಜಿನ ಪ್ರಾಧ್ಯಾಪಕರೊಬ್ಬರು ಶವ ಕೊಯ್ದು ಕಲಿಸುವ ಪಾಠಗಳನ್ನು ವಿಡಿಯೋ ಮಾಡಿ ಆ್ಯಪ್‌ಗೆ ಹಾಕಿದ್ದರು. ಯಾರು ಎಷ್ಟು ಹೊತ್ತು ನೋಡಿದರು, ಎಲ್ಲಿ ನಿಲ್ಲಿಸಿದರು ಎಂಬುದೆಲ್ಲ ಅವರಿಗೆ ತಿಳಿಯುತ್ತಿತ್ತು. ಹೆಚ್ಚಿನವರು ಐದು ನಿಮಿಷವೂ ನೋಡುತ್ತಿರಲಿಲ್ಲ. ಹೊಸದಾಗಿ ಸೇರಿದ್ದ ಒಬ್ಬಳು ಮಾತ್ರ ಕೈಯ ಪಾಠವನ್ನು ಮೂರು ದಿನದಲ್ಲಿ ಅರವತ್ತೆರಡು ಸಲ ನೋಡಿದ್ದಳು. ಅವಳನ್ನು ಕರೆಸಿದರು.

ಅವಳು ಒಂದು ಕೈಯನ್ನು ಬಿಳಿ ಕೋಟಿನ ಜೇಬಿನಲ್ಲೇ ಇಟ್ಟುಕೊಂಡು ಬಂದು ನಿಂತಳು. ಅವರು ಪರದೆಯನ್ನು ಅವಳತ್ತ ತಿರುಗಿಸಿದರು.

"ಪ್ರತಿ ಸಲ ಹನ್ನೊಂದನೇ ನಿಮಿಷಕ್ಕೇ ನಿಲ್ಲಿಸಿದೀಯ. ಫೋಟೋ ತೆಗೆದು ಯಾರಿಗಾದ್ರೂ ಕಳಿಸ್ತಿದೀಯಾ? ಹಾಗೇನಾದ್ರೂ ಇದ್ರೆ ಡಿಬಾರ್ ಮಾಡಿಸ್ತೀನಿ, ನೋಡು."

"ಇಲ್ಲ ಸರ್."

"ಮತ್ತೆ ಅಂಥದ್ದೇನಿದೆ ಅಲ್ಲಿ? ಆ ಆರನೇ ಬೆರಳು ತಾನೇ? ಅಪರೂಪ ಅಂತ ಹತ್ತಿರದಿಂದ ತೋರಿಸ್ದೆ. ಪರೀಕ್ಷೆಗೇನೂ ಅದು ಬರಲ್ಲ."

"ಆ ಶವ ಎಲ್ಲಿ ಸಿಕ್ತು ಸರ್?"

"ರೈಲ್ವೆ ಸ್ಟೇಷನ್ ಹತ್ರ ಬಿದ್ದಿತ್ತಂತೆ. ಪೊಲೀಸರು ಪೇಪರಲ್ಲೂ ಹಾಕ್ಸಿದ್ರು, ಯಾರೂ ಕೇಳ್ಕೊಂಡು ಬರಲಿಲ್ಲ."

"ಯಾವಾಗ ಸರ್?"

"ಎರಡು ವರ್ಷ ಆಯ್ತು. ಅದೆಲ್ಲ ನಿನಗ್ಯಾಕಮ್ಮ?" ಅವರ ದನಿ ಏರಿತು. "ಮುಖಕ್ಕೆ ಬಟ್ಟೆ ಮುಚ್ಚಿಯೇ ವಿಡಿಯೋ ಮಾಡಿದೀವಿ. ಯಾರದು ಅಂತ ಯಾರಿಗೂ ಗುರುತು ಸಿಗಲ್ಲ. ಮೊದಲು ಜೇಬಿಂದ ಕೈ ತೆಗಿ. ಮೇಷ್ಟ್ರ ಮುಂದೆ ಹೀಗಾ ನಿಲ್ಲೋದು?"

ಅವಳು ಎಡಗೈಯನ್ನು ಹೊರತೆಗೆದು ಪರದೆಯ ಪಕ್ಕದಲ್ಲಿಟ್ಟು, ಆರೂ ಬೆರಳುಗಳನ್ನು ಬಿಡಿಸಿದಳು.