ಹನ್ನೊಂದು ಸೆಕೆಂಡು

"ಆನೆ ಕೆರೆಗೆ ಇಳಿದು ನೀರು..." ಎಂದು ಗಟ್ಟಿಯಾಗಿ ಓದುತ್ತಿದ್ದ ತನ್ಮಯಿ ಅಲ್ಲೇ ನಿಂತಳು. ಎಂಟು ವರ್ಷದ ಹುಡುಗಿಯ ಕಣ್ಣು ಪುಸ್ತಕದ ಮೇಲೇ ಇತ್ತು, ರೆಪ್ಪೆ ಮಾತ್ರ ಸಣ್ಣಗೆ ಅದುರುತ್ತಿತ್ತು. ಉಳಿದ ಮಕ್ಕಳು ಕಿಸಕ್ಕನೆ ನಕ್ಕರು. ಪರದೇಶದ ನೋವೈ ಊರಿನ ಆ ಭಾನುವಾರದ ಕನ್ನಡ ತರಗತಿಗೆ ಇದು ಹೊಸದೇನಲ್ಲ. ಆದರೆ ಮೇಷ್ಟ್ರು ಸಂಗನಬಸಪ್ಪ ಈ ಸಲ ಗದರಲಿಲ್ಲ. ಹೆಸರು ಹಿಡಿದು ಕರೆದರು, ಮೊಣಕೈ ಮುಟ್ಟಿದರು. ಆಮೇಲೆ ಏನನ್ನಿಸಿತೋ, "ಕೆಂಪು ಬಸ್ಸು" ಎಂದರು. ಗೋಡೆ ಗಡಿಯಾರದಲ್ಲಿ ಹನ್ನೊಂದು ಸೆಕೆಂಡು ಕಳೆಯಿತು. "ಕುಡಿಯಿತು" ಎಂದು ತನ್ಮಯಿ ಓದು ಮುಂದುವರಿಸಿದಳು.

ನಾನು ಈಗ ಏನಂದೆ ಎಂದು ಅವರು ಕೇಳಿದರು. ನೀವು ಏನೂ ಹೇಳಲೇ ಇಲ್ಲವಲ್ಲ ಎಂದಳು. ಅವಳ ಮುಖದಲ್ಲಿ ಸುಳ್ಳಿರಲಿಲ್ಲ.

ಸಂಗನಬಸಪ್ಪ ಮೂವತ್ತು ವರ್ಷ ಕಾರಿನ ಬ್ರೇಕುಗಳನ್ನು ಪರೀಕ್ಷಿಸಿ ನಿವೃತ್ತರಾದವರು. ವಿಚಿತ್ರ ಸದ್ದೊಂದು ಕೇಳಿಸಿದರೆ ಅದು ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ಬರೆದಿಡುವುದು ಅವರ ಅಭ್ಯಾಸ. ಮೂರು ವಾರ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡರು. ಒಂದೊಂದು ತರಗತಿಯಲ್ಲೂ ಐದಾರು ಸಲ. ಒಮ್ಮೆ ಎಂಟು ಸೆಕೆಂಡು, ಒಮ್ಮೆ ಹತ್ತು. ಯೋಚನೆಯಲ್ಲಿ ಮುಳುಗಿದ ಮಗು ಮುಟ್ಟಿದರೆ ತಿರುಗಿ ನೋಡುತ್ತದೆ. ಇವಳು ನೋಡುತ್ತಿರಲಿಲ್ಲ. ಯಾಕೆ ಎಂದು ಅವರಿಗೆ ತಿಳಿಯಲಿಲ್ಲ, ಅದನ್ನು ಅಷ್ಟಕ್ಕೇ ಬಿಡಲೂ ಮನಸ್ಸಾಗಲಿಲ್ಲ.

ಮಗಳನ್ನು ಕರೆದೊಯ್ಯಲು ಪಕ್ಕದ ಊರು ಕ್ಯಾಂಟನ್‌ನಿಂದ ಬಂದ ತಾಯಿ ಸ್ಮಿತಾಗೆ ಮೇಷ್ಟ್ರು ಇದನ್ನೆಲ್ಲ ಹೇಳಿದ್ದು ಹಿಡಿಸಲಿಲ್ಲ. ಶಾಲೆಯವರೂ ಗಮನ ಸಾಲದು ಎಂದು ಪತ್ರ ಕಳಿಸಿದ್ದರು. ಮನೆಯಲ್ಲಿ ಐಪ್ಯಾಡ್ ಎತ್ತಿಟ್ಟಾಗಿತ್ತು, ಬೈದದ್ದೂ ಆಗಿತ್ತು.

"ಅವಳು ಸ್ವಲ್ಪ ಕನಸು ಕಾಣೋ ಹುಡುಗಿ ಅಂಕಲ್, ಅಷ್ಟೇ. ಏನೇನೋ ಹೇಳಿ ಹೆದರಿಸ್ಬೇಡಿ."

"ನಾ ಡಾಕ್ಟರ್ ಅಲ್ಲ, ಇದಕ್ಕೇನಂತಾರೋ ನನಗ ಗೊತ್ತಿಲ್ಲ" ಎಂದರು ಸಂಗನಬಸಪ್ಪ. "ಆದ್ರ ಆಕಿ ಈಜಾಕ ಹೋಗ್ತಾಳಲ್ಲ? ನೀರಾಗ ಹನ್ನೊಂದು ಸೆಕೆಂಡ್ ಭಾಳ ಆತು, ತಂಗಿ."

ಸ್ಮಿತಾ ಆ ವಾರ ಮಗಳನ್ನು ಈಜಿಗೆ ಕಳಿಸಲಿಲ್ಲ. ಬುಧವಾರ ಊಟಕ್ಕೆ ಕೂತಿದ್ದಾಗ ತನ್ಮಯಿಯ ಚಮಚ ಬಾಯಿಯ ಹತ್ತಿರ ಬಂದು ನಿಂತಿತು. ಎಂದಿನಂತೆ ಗದರಲು ಹೊರಟ ಸ್ಮಿತಾ ತಡೆದುಕೊಂಡು, ಫೋನಿನಲ್ಲಿ ವಿಡಿಯೊ ಮಾಡಿಕೊಂಡಳು. ಎರಡು ಸಲ ಕರೆದಳು. ಮಗಳು ಎದುರಿಗೇ ಇದ್ದಳು, ಆದರೆ ಆ ಹೆಸರು ತನ್ನದೆಂದು ಗೊತ್ತಿಲ್ಲದವಳಂತೆ ಇದ್ದಳು. ವಿಡಿಯೊ ನೋಡಿದ ಮಕ್ಕಳ ವೈದ್ಯರು ತಡಮಾಡದೆ ನರರೋಗ ತಜ್ಞೆಯ ಬಳಿಗೆ ಕಳಿಸಿದರು.

ತಜ್ಞೆ ತಲೆಯ ತುಂಬ ತಂತಿಗಳನ್ನು ಅಂಟಿಸಿ, ತನ್ಮಯಿಯ ಕೈಗೆ ಊದಿದರೆ ತಿರುಗುವ ಒಂದು ಕಾಗದದ ಗಿರಗಟ್ಟೆ ಕೊಟ್ಟು, ಮೂರು ನಿಮಿಷ ನಿಲ್ಲಿಸದೆ ಊದು ಎಂದರು. ಇದು ಆಟಿಕೆಯಲ್ಲವೇ ಎಂದು ತನ್ಮಯಿಗೆ ಆಶ್ಚರ್ಯ. ಜೋರಾಗಿ ಉಸಿರಾಡಿದರೆ ಅಡಗಿ ಕೂತದ್ದು ಹೊರಗೆ ಬರುತ್ತದೆ ಎಂದು ತಜ್ಞೆ ನಕ್ಕರು. ಎರಡನೆಯ ನಿಮಿಷ ದಾಟಿತು. ಗಿರಗಟ್ಟೆ ನಿಧಾನವಾಗಿ ನಿಂತಿತು. ಮಿದುಳಿನ ಅಲೆಗಳನ್ನು ತೋರಿಸುವ ಪರದೆಯ ಮೇಲೆ ಸಣ್ಣಗೆ ಓಡುತ್ತಿದ್ದ ಗೆರೆಗಳೆಲ್ಲ ಒಟ್ಟಿಗೆ ಎದ್ದು, ಸೆಕೆಂಡಿಗೆ ಮೂರರಂತೆ, ಗರಗಸದ ಹಲ್ಲಿನಂತೆ ಕುಣಿದವು. ಸ್ವಲ್ಪ ಹೊತ್ತಿಗೆ ಅವು ತಣ್ಣಗಾದವು. ಗಿರಗಟ್ಟೆ ಮತ್ತೆ ತಿರುಗಿತು.

ಫಿಟ್ಸ್ ಎಂದರೆ ನೆಲಕ್ಕೆ ಬಿದ್ದು ಕೈಕಾಲು ಸೆಟೆಯುವುದು, ಯಾರೋ ಓಡಿಬಂದು ಕೈಗೆ ಬೀಗದಕೈ ಕೊಡುವುದು: ಸ್ಮಿತಾಗೆ ಗೊತ್ತಿದ್ದದ್ದು ಅಷ್ಟೇ. ಇದೂ ಅದೇ ಜಾತಿಯದು, ಬೀಳುವುದಿಲ್ಲ ಅಷ್ಟೇ, ಅದಕ್ಕೇ ಎಷ್ಟೋ ಮನೆಗಳಲ್ಲಿ ಗೊತ್ತಾಗುವುದಿಲ್ಲ ಎಂದು ತಜ್ಞೆ ವಿವರಿಸಿದರು. ಯಾರ ತಪ್ಪೂ ಅಲ್ಲ. ದಿನಕ್ಕೆರಡು ಸಲ ಔಷಧಿ. ಹಿಡಿತಕ್ಕೆ ಬರುವವರೆಗೆ ಈಜು ಬೇಡ, ತೊಟ್ಟಿ ಸ್ನಾನ ಒಬ್ಬಳೇ ಬೇಡ. ಹೆಚ್ಚಿನ ಮಕ್ಕಳಲ್ಲಿ ದೊಡ್ಡವರಾಗುತ್ತ ಹೋಗಿಬಿಡುತ್ತದೆ. ಸ್ಮಿತಾ ತಲೆಯಾಡಿಸುತ್ತಿದ್ದಳು. ಮನಸ್ಸಿನಲ್ಲಿ ತಾನು ಬೈದ ಬೈಗುಳಗಳೇ ಓಡುತ್ತಿದ್ದವು. ತನ್ಮಯಿಗೆ ಮಾತ್ರ ಪರದೆಯ ಮೇಲೇ ಕಣ್ಣು. ಆ ದೊಡ್ಡ ಗೆರೆಗಳಿದ್ದಾಗ ನಾನು ಎಲ್ಲಿದ್ದೆ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ, ನಮಗೂ ಪೂರ್ತಿ ಗೊತ್ತಿಲ್ಲ ಎಂದರು ತಜ್ಞೆ.

ಔಷಧಿಯ ಪ್ರಮಾಣ ಮೆಲ್ಲಗೆ ಏರಿಸುತ್ತ ಆರು ವಾರ ಕಳೆಯಿತು. ಒಂದು ಭಾನುವಾರ ತನ್ಮಯಿ ಎರಡು ಪುಟವನ್ನು ಎಲ್ಲೂ ನಿಲ್ಲದೆ ಓದಿ ಮುಗಿಸಿದಳು. ಸಂಗನಬಸಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

ಮನೆಗೆ ಮರಳುವಾಗ ಫ್ರೀವೇಯ ಹಸಿರು ಫಲಕಗಳು ಒಂದಾದ ಮೇಲೊಂದು ಬಂದವು: ಎಯ್ಟ್ ಮೈಲ್ ರೋಡ್, ಸೆವೆನ್ ಮೈಲ್ ರೋಡ್, ಸಿಕ್ಸ್ ಮೈಲ್ ರೋಡ್. ಹಿಂದಿನ ಸೀಟಿನಲ್ಲಿದ್ದ ತನ್ಮಯಿ ತನ್ನ ಇಂಗ್ಲಿಷಿನಲ್ಲಿ, ಅಮ್ಮಾ, ಸೆವೆನ್ ಮೈಲ್ ರೋಡ್ ಪ್ರತಿ ವಾರವೂ ಇರುತ್ತದೆಯೇ ಎಂದು ಕೇಳಿದಳು.

"ಇರ್ದೇ ಇನ್ನೆಲ್ಲಿಗೆ ಹೋಗುತ್ತೆ ಪುಟ್ಟಾ?"

"ಹೌದಾ?" ಎಂದಳು ತನ್ಮಯಿ. "ಅದು ಕೆಲವು ವಾರ ಮಾತ್ರ ಇರುತ್ತೆ ಅಂದ್ಕೊಂಡಿದ್ದೆ."